ರವಿವಾರದ ಪೇಟೆ, ರವಿವಾರದ ಬಿಡುವು

ರವಿವಾರ ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಮಾಟುಂಗ ಪೂರ್ವದ ಪೇಟೆಯಲ್ಲಿ ಒಮ್ಮೆ ನಡೆದು ಬಂದವರಿಗೆ ಈ ಲೇಖನದ ವಿಷಯವನ್ನು ಹೆಚ್ಚಿನ ಪೀಠಿಕೆಯಿಲ್ಲದೆಯೇ ಹೇಳಬಹುದು. ದೇವಾಲಯದ ಬದಿಯ ಹೂವಿನಂಗಡಿಗಳಲ್ಲಿ ಮಲ್ಲಿಗೆಯ ಮಾಲೆಗಳು ತೂಗುತ್ತಿರುತ್ತವೆ. ಫುಟ್‌ಪಾತಿನ ಅಂಚಿನಲ್ಲಿ ಬಾಳೆಯೆಲೆಯ ಸುರುಳಿ, ಕರಿಬೇವಿನ ಕಟ್ಟು, ನುಗ್ಗೆಕಾಯಿ, ಸುವರ್ಣಗೆಡ್ಡೆ, ಸಾಂಬಾರಿನ ಸಣ್ಣ ಈರುಳ್ಳಿ. ವಾರದ ಉಳಿದ ದಿನಗಳಲ್ಲಿ ಗಾಡಿ ಹಿಡಿಯುವ ಅವಸರದಲ್ಲಿ ಕೈಗೆ ಸಿಕ್ಕ ತರಕಾರಿಯನ್ನೇ ಚೀಲಕ್ಕೆ ತುಂಬಿಕೊಳ್ಳುವ ಗುಮಾಸ್ತನು ಈ ಒಂದು ದಿನ ಬೆಂಡೆಯ ತುದಿಯನ್ನು ಮುರಿದು ನೋಡುವಷ್ಟು ವ್ಯವಧಾನವನ್ನು ಪಡೆದಿರುತ್ತಾನೆ. ಹೆಂಡತಿ ಮಕ್ಕಳು ಜೊತೆಯಲ್ಲಿರುತ್ತಾರೆ. ಚೌಕಾಸಿಯಲ್ಲಿಯೂ ಒಂದು ಸಂತೋಷವಿರುತ್ತದೆ.

ಅದೇ ಹೊತ್ತಿಗೆ ನಾಲ್ಕು ಹೆಜ್ಜೆಯಾಚೆ ಉಡುಪಿ ಹೊಟೇಲಿನ ಬಾಗಿಲಲ್ಲಿ ಗಿರಾಕಿಗಳ ಸಾಲು ನಿಂತಿರುತ್ತದೆ. ಒಳಗೆ ದೋಸೆಯ ಕಲ್ಲಿನ ಮುಂದೆ ಬೆವರುತ್ತಿರುವವನಿಗೂ, ಒಂದೇ ಕೈಯಲ್ಲಿ ನಾಲ್ಕು ತಟ್ಟೆಗಳನ್ನು ಹೊತ್ತು ಬರುವ ಮಾಣಿಗೂ, ಮೇಜು ಒರೆಸುವ ಹುಡುಗನಿಗೂ ಅದು ವಾರದಲ್ಲಿ ಅತ್ಯಂತ ಕಠಿಣವಾದ ದಿನ. ಹೊರಗೆ ಬುಟ್ಟಿಯ ಹಿಂದೆ ಕುಳಿತ, ನಾವೆಲ್ಲ ‘ಮಾವಶಿ’ ಎಂದು ಕರೆಯುವ ಹೆಂಗಸಿಗೂ ಅಷ್ಟೇ. ಹೀಗೆ ಒಂದೇ ರವಿವಾರ ಒಬ್ಬನಿಗೆ ಬಿಡುವು, ಇನ್ನೊಬ್ಬನಿಗೆ ದುಡಿತ. ಬಿಡುವುಳ್ಳವನ ಬಿಡುವು ಸಾರ್ಥಕವಾಗಬೇಕಾದರೆ ದುಡಿಯುವವನು ದುಡಿಯಲೇಬೇಕೆಂಬಂತೆ ಈ ನಗರದ ವ್ಯವಸ್ಥೆ ಬೆಳೆದು ಬಂದಿದೆ.

ಬೀದಿಯ ಪೇಟೆಯು ರವಿವಾರ ತೆರೆದಿರಬೇಕೆ, ಮುಚ್ಚಿರಬೇಕೆ? ಉಪನಗರಗಳ ಚಾಳುಗಳಲ್ಲಿಯೂ ಸೊಸೈಟಿಗಳಲ್ಲಿಯೂ ಈ ಪ್ರಶ್ನೆ ಎದ್ದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಆರು ದಿನ ದುಡಿಯುವ ತಮಗೆ ರವಿವಾರವಲ್ಲದೆ ಪೇಟೆಗೆ ಹೋಗಲು ಬೇರೆ ದಿನವೇ ಇಲ್ಲವೆನ್ನುವವರು ಒಂದು ಕಡೆ. ಒಂದು ದಿನವಾದರೂ ಕೂಗಾಟವಿಲ್ಲದೆ, ಮನೆಯ ಮುಂದೆ ಕೊಳೆತ ಎಲೆಗಳ ರಾಶಿಯಿಲ್ಲದೆ, ಮಕ್ಕಳು ಬೀದಿಯಲ್ಲಿ ಆಡುವಂತಾಗಲಿ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತುಗಳಲ್ಲಿ ಸತ್ಯವಿದೆ. ಆದರೆ ಎರಡೂ ಮಾತುಗಳು ಕೊಳ್ಳುವವರ ಮತ್ತು ನಿವಾಸಿಗಳ ಬಾಯಿಂದ ಬಂದವು. ಬುಟ್ಟಿಯ ಹಿಂದೆ ಕುಳಿತವರ ರವಿವಾರದ ವಿಚಾರವನ್ನು ಎತ್ತುವವರು ವಿರಳ. ಹೊಟೇಲಿನಲ್ಲಿ ದುಡಿದು ಹೆಸರು ಮಾಡಿದ ನಮ್ಮ ಸಮಾಜವು ಆ ವಿಚಾರವನ್ನು ಮೊದಲು ಎತ್ತಬೇಕಾಗಿದೆ. ಏಕೆಂದರೆ ಇತರರ ರವಿವಾರಕ್ಕಾಗಿ ತಮ್ಮ ರವಿವಾರವನ್ನು ಬಿಟ್ಟುಕೊಟ್ಟವರ ಕಷ್ಟ ನಮ್ಮವರಿಗಿಂತ ಚೆನ್ನಾಗಿ ಬಲ್ಲವರು ಮುಂಬಯಿಯಲ್ಲಿ ಬಹಳ ಮಂದಿ ಇಲ್ಲ.

ಸಂತೆಗೂ ಒಂದು ವಾರ

ಪೇಟೆಗೂ ವಾರಕ್ಕೂ ನಮ್ಮ ನಾಡಿನಲ್ಲಿರುವ ನಂಟು ಬಹಳ ಹಳೆಯದು. ಕೊಡಗಿನಲ್ಲಿ ಶನಿವಾರಸಂತೆ ಎಂಬ ಹೆಸರಿನ ಊರೇ ಇದೆ, ಸೋಮವಾರಪೇಟೆಯೂ ಇದೆ. ಬೆಳಗಾವಿಯಲ್ಲಿ ರವಿವಾರ ಪೇಟೆ ಇಂದಿಗೂ ವ್ಯಾಪಾರದ ಕೇಂದ್ರ. ಪುಣೆಯಲ್ಲಂತೂ ಸೋಮವಾರದಿಂದ ರವಿವಾರದವರೆಗೆ ವಾರಗಳ ಹೆಸರಿನ ಪೇಟೆಗಳೇ ಇವೆ. ನಮ್ಮ ಓದುಗರಲ್ಲಿ ಬಹುಮಂದಿಗೆ ಪರಿಚಿತವಾದ ಕರಾವಳಿಯ ಕಡೆಗೆ ಬಂದರೆ ಪುತ್ತೂರಿನ ಸಂತೆ ಸೋಮವಾರ, ಉಡುಪಿಯದು ಬುಧವಾರ, ಕುಂದಾಪುರದ್ದು ಶನಿವಾರ, ಕಾರವಾರದ್ದು ರವಿವಾರ. ಘಟ್ಟದ ಮೇಲಿನ ಶಿರಸಿಯಲ್ಲಿ ಮಂಗಳವಾರ.

ಈ ವ್ಯವಸ್ಥೆಯಲ್ಲಿ ಎರಡು ವಿವೇಕಗಳಿದ್ದವು. ಮೊದಲನೆಯದು, ನೆರೆಹೊರೆಯ ಊರುಗಳು ಬೇರೆ ಬೇರೆ ವಾರಗಳನ್ನು ಹಿಡಿದುದರಿಂದ ಒಬ್ಬನೇ ವ್ಯಾಪಾರಿ ಗಂಟುಮೂಟೆ ಕಟ್ಟಿಕೊಂಡು ಹಲವು ಸಂತೆಗಳನ್ನು ಸುತ್ತಬಹುದಾಗಿತ್ತು. ಒಂದು ಊರಿನ ಲಾಭ ಇನ್ನೊಂದು ಊರಿನ ನಷ್ಟವಾಗುತ್ತಿರಲಿಲ್ಲ. ಎರಡನೆಯದು, ಸಂತೆಗೆ ಆರಂಭವಿದ್ದಂತೆ ಅಂತ್ಯವೂ ಇತ್ತು. ಸಂಜೆಯಾಗುತ್ತಲೇ ಗಾಡಿಗಳು ಹೊರಡುತ್ತಿದ್ದವು. ಮರುದಿನ ಆ ಬಯಲು ಊರಿನವರದೇ. ರವಿವಾರ ಸಂತೆ ಕೂಡುವುದು ನಮಗೆ ಹೊಸತೂ ಅಲ್ಲ, ಪಾಪವೂ ಅಲ್ಲ. ಹೊಸತಾದುದು ಅಂತ್ಯವೇ ಇಲ್ಲದ ಸಂತೆ. ವಾರದ ಏಳು ದಿನವೂ, ದಿನದ ಹದಿನಾಲ್ಕು ಗಂಟೆಯೂ ಕೂಡಿಯೇ ಇರುವ ಸಂತೆ. ಮುಂಬಯಿಯ ಬೀದಿಪೇಟೆ ಅಂತಹುದು.

ರಜೆಯನ್ನು ಗಳಿಸಿದ ಬಗೆ

ರವಿವಾರದ ರಜೆ ಎಂಬುದು ನಮಗೆ ಈಗ ಪ್ರಕೃತಿಸಹಜವೆಂಬಂತೆ ತೋರುತ್ತದೆ. ಆದರೆ ಈ ನಗರದಲ್ಲಿ ಅದನ್ನು ಬೇಡಿ, ಹೋರಾಡಿ ಪಡೆಯಬೇಕಾಯಿತು. ಬಟ್ಟೆಯ ಗಿರಣಿಗಳಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಯುತ್ತಿದ್ದವರಿಗೆ ನಿಶ್ಚಿತವಾದ ವಾರದ ರಜೆಯೇ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದು, ‘ದೀನಬಂಧು’ ಪತ್ರಿಕೆಯನ್ನು ನಡೆಸುತ್ತಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಲ್ಲಿ ಗಿರಣಿ ಕೆಲಸಗಾರರ ಸಭೆಗಳನ್ನು ಕೂಡಿಸಿದರು. ಸುಮಾರು ೫,೫೦೦ ಕೆಲಸಗಾರರ ಪರವಾಗಿ ಕಾರ್ಖಾನೆ ಆಯೋಗಕ್ಕೆ ಮನವಿಯನ್ನು ಸಲ್ಲಿಸಲಾಯಿತು. ಅದರಲ್ಲಿ ಮೊದಲ ಬೇಡಿಕೆಯೇ ರವಿವಾರದ ಪೂರ್ಣ ವಿಶ್ರಾಂತಿ. ನಡುಹಗಲಿನಲ್ಲಿ ಅರ್ಧ ಗಂಟೆಯ ಬಿಡುವು ಮತ್ತೊಂದು. ಆರು ವರ್ಷಗಳು ಕಳೆದವು. ೧೮೯೦ರ ಏಪ್ರಿಲ್ ೨೪ರಂದು ಸುಮಾರು ಹತ್ತು ಸಾವಿರ ಕೆಲಸಗಾರರು ಸಭೆ ಸೇರಿದರು; ಅಲ್ಲಿ ಇಬ್ಬರು ಹೆಂಗಸರೂ ಮಾತನಾಡಿದರು. ಅದೇ ವರ್ಷದ ಜೂನ್ ೧೦ರಂದು ಗಿರಣಿ ಮಾಲಿಕರ ಸಂಘವು ರವಿವಾರದ ರಜೆಗೆ ಒಪ್ಪಿತು. ೧೮೯೧ರ ಕಾರ್ಖಾನೆ ಕಾಯಿದೆಯು ವಾರದ ರಜೆಯನ್ನು ಶಾಸನಬದ್ಧಗೊಳಿಸಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸಾಹೇಬರಿಗೆ ರವಿವಾರ ಇಗರ್ಜಿಯ ದಿನವಾಗಿದ್ದಂತೆ ಮಹಾರಾಷ್ಟ್ರದ ದುಡಿಯುವ ಜನರಿಗೆ ಅದು ಖಂಡೋಬಾನ ವಾರ. ನಮ್ಮ ಕಡೆಯ ಮೈಲಾರಲಿಂಗನೇ ಆ ಖಂಡೋಬಾ. ಆದುದರಿಂದ ರವಿವಾರವನ್ನು ಕೇಳಿದವರು ಬರಿಯ ಇಪ್ಪತ್ತನಾಲ್ಕು ಗಂಟೆಗಳನ್ನು ಕೇಳಲಿಲ್ಲ. ನೆಂಟರಿಷ್ಟರು, ಓಣಿಯವರು, ದೇವರು ಎಲ್ಲರೂ ಒಟ್ಟಿಗೆ ದೊರೆಯುವ ದಿನವನ್ನು ಕೇಳಿದರು. ರಜೆಯ ಬೆಲೆ ಅದರ ಗಂಟೆಗಳಲ್ಲಿ ಎಷ್ಟಿದೆಯೋ ಅದು ಕೂಡಿ ಬರುವುದರಲ್ಲಿಯೂ ಅಷ್ಟೇ ಇದೆ. ೧೯೨೧ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕೈಗಾರಿಕೆಗಳಲ್ಲಿ ವಾರದ ವಿಶ್ರಾಂತಿಯ ಬಗ್ಗೆ ಮಾಡಿದ ಒಡಂಬಡಿಕೆಯೂ ಇದನ್ನೇ ಒಪ್ಪಿದೆ: ವಿಶ್ರಾಂತಿಯು ಸಾಧ್ಯವಿದ್ದಲ್ಲೆಲ್ಲ ಒಂದು ಸಂಸ್ಥೆಯ ಎಲ್ಲರಿಗೂ ಏಕಕಾಲದಲ್ಲಿ ದೊರೆಯಬೇಕು, ಮತ್ತು ಆ ನಾಡಿನ ಸಂಪ್ರದಾಯದ ದಿನದೊಂದಿಗೆ ಹೊಂದಬೇಕು.

ಕಾಯಿದೆ ಹೇಳಿದುದು

ಗಿರಣಿಯವರ ಬಳಿಕ ಅಂಗಡಿಯವರ ಸರದಿ ಬಂದಿತು. ಮುಂಬಯಿ ಪ್ರಾಂತದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ೧೯೩೯ರಲ್ಲಿ ಬಂದಿತು. ಅದನ್ನು ವಿಸ್ತರಿಸಿ ೧೯೪೮ರ ಕಾಯಿದೆ ರಚಿತವಾಯಿತು. ಅಂಗಡಿಗಳೂ ವ್ಯಾಪಾರದ ಕಛೇರಿಗಳೂ ವಾರದಲ್ಲಿ ಒಂದು ದಿನ ಮುಚ್ಚಲೇಬೇಕೆಂದು ಅದು ವಿಧಿಸಿತು. ಆದರೆ ಆ ದಿನ ರವಿವಾರವೇ ಆಗಬೇಕೆಂದು ಹೇಳಲಿಲ್ಲ. ಹೀಗಾಗಿ ಮುಂಬಯಿಯಲ್ಲಿ ಬಡಾವಣೆಗೊಂದು ವಾರ ಎಂಬ ರೂಢಿ ಬೆಳೆಯಿತು. ಕಛೇರಿಗಳ ಪ್ರದೇಶವಾದ ಕೋಟೆಯಲ್ಲಿಯೂ ಮಂಗಲದಾಸ ಮಾರುಕಟ್ಟೆಯ ಬಟ್ಟೆಯಂಗಡಿಗಳಲ್ಲಿಯೂ ರವಿವಾರ ಬಾಗಿಲು. ಮನೆಮಂದಿ ಕೊಳ್ಳಲು ಬರುವ ದಾದರದಲ್ಲಿ ರವಿವಾರ ಜಾತ್ರೆ, ಸೋಮವಾರ ಬಾಗಿಲು. ಚೋರ್ ಬಜಾರಿನ ಅಂಗಡಿಗಳಿಗೆ ಶುಕ್ರವಾರ ಬಿಡುವು. ಆ ದಿನವೇ ನಸುಕಿನಿಂದ ಅಲ್ಲಿನ ಬೀದಿಯಲ್ಲಿ ಹಳೆಯ ಸಾಮಾನುಗಳ ಜುಮ್ಮಾ ಬಜಾರು. ನಮ್ಮ ಊರುಗಳ ಸಂತೆಯ ವಿವೇಕವೇ ಇಲ್ಲಿ ಬೇರೊಂದು ರೂಪದಲ್ಲಿ ಬಂದುದನ್ನು ಓದುಗರು ಕಾಣಬಹುದು.

ಹೊಟೇಲುಗಳ ವಿಷಯದಲ್ಲಿ ಮಾತ್ರ ೧೯೪೮ರ ಕಾಯಿದೆ ಬೇರೆ ದಾರಿಯನ್ನು ಹಿಡಿಯಿತು. ಊಟದ ಮನೆಗೆ ಬೀಗ ಹಾಕುವಂತಿಲ್ಲ, ಜನ ಹಸಿಯುತ್ತಾರೆ. ಆದುದರಿಂದ ಹೊಟೇಲು ಏಳು ದಿನವೂ ತೆರೆದಿರಲಿ, ಆದರೆ ಪ್ರತಿಯೊಬ್ಬ ನೌಕರನಿಗೂ ವಾರದಲ್ಲಿ ಒಂದು ದಿನ ರಜೆ ಕೊಡಬೇಕು ಎಂದಿತು. ಅಂಗಡಿಯ ನೌಕರನ ರಜೆಯನ್ನು ಬೀಗ ಕಾಯುತ್ತಿತ್ತು. ಹೊಟೇಲಿನ ನೌಕರನ ರಜೆಯನ್ನು ಧಣಿಯ ಹಾಜರಿ ಪುಸ್ತಕ ಕಾಯಬೇಕಾಯಿತು. ಮುಚ್ಚಿದ ಬಾಗಿಲನ್ನು ಬೀದಿಯಲ್ಲಿ ಹೋಗುವ ಯಾವ ಇನ್ಸ್‌ಪೆಕ್ಟರನೂ ಕಾಣಬಲ್ಲನು. ಪುಸ್ತಕದೊಳಗಿನ ರಜೆಯನ್ನು ಕಾಣಲು ಪುಸ್ತಕವನ್ನು ತೆರೆಯಬೇಕು. ಈ ಭೇದವು ಸಣ್ಣದಲ್ಲ.

೨೦೧೭ರಲ್ಲಿ ಮಹಾರಾಷ್ಟ್ರದ ಹೊಸ ಕಾಯಿದೆ ಬಂದು ಆ ವರ್ಷದ ಡಿಸೆಂಬರಿನಿಂದ ೧೯೪೮ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಇದರಂತೆ ಅಂಗಡಿಗಳೆಲ್ಲ ವರ್ಷದ ೩೬೫ ದಿನವೂ ತೆರೆದಿರಬಹುದು. ಆದರೆ ಕೆಲಸಗಾರನಿಗೆ ವಾರಕ್ಕೊಮ್ಮೆ ಎಡೆಬಿಡದ ೨೪ ಗಂಟೆಗಳ ವಿಶ್ರಾಂತಿ ದೊರೆಯಬೇಕು. ಹೊಟೇಲಿಗಾಗಿ ಮಾಡಿದ್ದ ವಿನಾಯಿತಿ ಈಗ ಎಲ್ಲರ ನಿಯಮವಾಯಿತೆಂದು ಹೇಳಬಹುದು. ಬಂದಾಗ ಈ ಕಾಯಿದೆ ಅನ್ವಯಿಸಿದ್ದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಅದಕ್ಕಿಂತ ಚಿಕ್ಕ ಅಂಗಡಿಯವನು ವ್ಯಾಪಾರ ಆರಂಭಿಸಿದ ಸೂಚನೆ ಕೊಟ್ಟರೆ ಸಾಕಾಗಿತ್ತು. ೨೦೨೫ರಲ್ಲಿ ರಾಜ್ಯದ ಮಂತ್ರಿಮಂಡಲವು ಈ ಮಿತಿಯನ್ನು ಇಪ್ಪತ್ತಕ್ಕೆ ಏರಿಸಲು ನಿರ್ಧರಿಸಿತು. ಚಿಕ್ಕ ಹೊಟೇಲಿನ ಹುಡುಗನೂ ಕಿರಾಣಿ ಅಂಗಡಿಯ ಆಳೂ ಎಲ್ಲಿ ನಿಲ್ಲುತ್ತಾರೆಂಬುದನ್ನು ಓದುಗರೇ ಊಹಿಸಬಹುದು. ಬೀದಿಯಲ್ಲಿ ಬುಟ್ಟಿಯಿಟ್ಟು ಮಾರುವವಳಂತೂ ಯಾರ ನೌಕರಳೂ ಅಲ್ಲ. ಅವಳಿಗೆ ರಜೆ ಕೊಡುವ ಧಣಿಯೂ ಇಲ್ಲ, ಕೊಡಿಸುವ ಕಾಯಿದೆಯೂ ಇಲ್ಲ.

ಮಂಗಳವಾರದ ರಜೆ

ಸರದಿಯ ರಜೆಯಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ನಮ್ಮ ಹೊಟೇಲಿನವರನ್ನೇ ಕೇಳಬೇಕು. ಹಾಜರಿ ಪುಸ್ತಕದಲ್ಲಿ ಮಾಣಿಗೆ ಮಂಗಳವಾರ ರಜೆ ಎಂದಿಟ್ಟುಕೊಳ್ಳೋಣ. ಅವನು ಬೆಳಿಗ್ಗೆ ತಡವಾಗಿ ಏಳುತ್ತಾನೆ, ಬಟ್ಟೆ ಒಗೆಯುತ್ತಾನೆ, ಊರಿಗೆ ಹಣ ಕಳುಹಿಸುತ್ತಾನೆ. ಬಳಿಕ ಯಾರನ್ನು ನೋಡಲು ಹೋಗಬೇಕು? ಅಣ್ಣನು ಅಂಧೇರಿಯ ಹೊಟೇಲಿನಲ್ಲಿ ಗಲ್ಲೆಯ ಮೇಲಿದ್ದಾನೆ, ಅವನ ರಜೆ ಗುರುವಾರ. ಡೊಂಬಿವಲಿಯ ಅಕ್ಕನ ಮನೆಗೆ ಹೋದರೆ ಭಾವನವರು ಕಛೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ. ಊರವರ ಸಂಘದ ಸಭೆ ರವಿವಾರ. ಯಕ್ಷಗಾನದ ತಾಳಮದ್ದಳೆ ರವಿವಾರ. ಮದುವೆಯ ಮಾತುಕತೆಗೆ ಹುಡುಗಿಯ ಕಡೆಯವರು ಬರುವುದೂ ರವಿವಾರವೇ. ಮಂಗಳವಾರದ ರಜೆ ಅವನ ಕಾಲಿನ ನೋವನ್ನು ಕಳೆಯುತ್ತದೆ; ಅವನ ಒಂಟಿತನವನ್ನು ಕಳೆಯುವುದಿಲ್ಲ.

ರಾತ್ರಿಶಾಲೆಗಳ ಕಥೆಯನ್ನು ಬಲ್ಲವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಗಲೆಲ್ಲ ಹೊಟೇಲಿನಲ್ಲಿ ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಹೊಟೇಲುಗಳ ಧಣಿಗಳಾದರು. ಆ ಶಾಲೆಗಳು ಸಾಧ್ಯವಾದದ್ದು ನಿಶ್ಚಿತವಾದ ಒಂದು ಹೊತ್ತಿನಲ್ಲಿ ಹಲವು ಹುಡುಗರ ಬಿಡುವು ಕೂಡಿ ಬಂದುದರಿಂದ. ಒಬ್ಬೊಬ್ಬನಿಗೆ ಒಂದೊಂದು ಹೊತ್ತು ಬಿಡುವಿದ್ದರೆ ಯಾವ ಗುರುಗಳು ಯಾರಿಗೆ ಪಾಠ ಹೇಳುವುದು?

ಈ ಸತ್ಯವನ್ನು ಒಂದು ದೊಡ್ಡ ದೇಶ ಬಹು ವಿಸ್ತಾರವಾಗಿ ಪ್ರಯೋಗ ಮಾಡಿ ಕಂಡುಕೊಂಡಿತು. ೧೯೨೯ರಲ್ಲಿ ಸೋವಿಯತ್ ಸರಕಾರವು ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಏಳು ದಿನಗಳ ವಾರವನ್ನೇ ತೆಗೆದು ಐದು ದಿನಗಳ ಎಡೆಬಿಡದ ವಾರವನ್ನು ತಂದಿತು. ಕೆಲಸಗಾರರನ್ನು ಐದು ಗುಂಪುಗಳಾಗಿ ವಿಂಗಡಿಸಿ ಗುಂಪಿಗೊಂದು ಬಣ್ಣವನ್ನು ಗೊತ್ತುಮಾಡಿದರು. ಪ್ರತಿಯೊಬ್ಬನಿಗೂ ನಾಲ್ಕು ದಿನ ಕೆಲಸ, ಐದನೆಯ ದಿನ ರಜೆ. ಲೆಕ್ಕದಲ್ಲಿ ರಜೆ ಮೊದಲಿಗಿಂತ ಹೆಚ್ಚಾಯಿತು. ಆದರೆ ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು ಬಣ್ಣವಾದಾಗ ಮನೆಯಲ್ಲಿ ಒಬ್ಬರಿಗೊಬ್ಬರು ಸಿಗದಂತಾಯಿತು. ಸ್ನೇಹಿತರು ಚದುರಿದರು, ಸಭೆಗಳು ಕೂಡಲಿಲ್ಲ. ಜನ ಗೊಣಗಿದರು. ೧೯೩೧ರಲ್ಲಿ ಸರಕಾರ ಹಿಂದೆಗೆದು ಎಲ್ಲರಿಗೂ ಒಂದೇ ರಜೆಯುಳ್ಳ ಆರು ದಿನಗಳ ವಾರಕ್ಕೆ ಬಂದಿತು. ೧೯೪೦ರಲ್ಲಿ ರವಿವಾರದೊಡನೆ ಏಳು ದಿನಗಳ ವಾರವೇ ಮರಳಿತು. ಅಷ್ಟೊಂದು ಅಧಿಕಾರವಿದ್ದ ಸರಕಾರಕ್ಕೂ ಚದುರಿದ ರಜೆಯನ್ನು ಜನರ ಮನಸ್ಸಿಗೆ ಒಪ್ಪಿಸಲಾಗಲಿಲ್ಲ.

ಹಾಗಾದರೆ ಮುಚ್ಚೋಣವೆ?

ಇಷ್ಟನ್ನು ಓದಿದವರು ಲೇಖಕನು ರವಿವಾರದ ಪೇಟೆಗೆ ವಿರೋಧಿಯೆಂದು ಭಾವಿಸಬಹುದು. ಹಾಗಲ್ಲ. ರವಿವಾರ ಪೇಟೆಯನ್ನು ಮುಚ್ಚಿಸಿದರೆ ಅದರ ಭಾರ ಮೊದಲು ಬೀಳುವುದು ಬಡವರ ಮೇಲೆ. ಬ್ಯಾಂಕಿನವರಿಗೆ ೨೦೧೫ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳೂ ರಜೆ. ರಾಜ್ಯ ಸರಕಾರದ ಕಛೇರಿಗಳಿಗೆ ೨೦೨೦ರ ಫೆಬ್ರವರಿ ಕೊನೆಯಿಂದ ಐದು ದಿನಗಳ ವಾರ. ಅವರು ಶನಿವಾರ ಕೊಳ್ಳಬಲ್ಲರು. ಖಾಸಗಿ ಕಛೇರಿಯ ಗುಮಾಸ್ತನಿಗೆ, ಕಾರ್ಖಾನೆಯವನಿಗೆ, ಶನಿವಾರವೂ ಏಳರ ಗಾಡಿ ಹಿಡಿಯುವವನಿಗೆ ಆ ಭಾಗ್ಯವಿಲ್ಲ. ರವಿವಾರ ದೂರದ ಮಾರುಕಟ್ಟೆಗೆ ಹೋಗೋಣವೆಂದರೆ ಲೋಕಲ್ ಗಾಡಿಗಳ ‘ಮೆಗಾ ಬ್ಲಾಕ್’ ಬಹುತೇಕ ಆ ದಿನವೇ. ಅವನಿಗೆ ಉಳಿದಿರುವುದು ಮನೆಯ ಸಮೀಪದ ಬೀದಿಯ ಪೇಟೆಯೊಂದೇ.

ಮಾರುವವರಿಗೂ ರವಿವಾರವೇ ವಾರದ ಗಳಿಕೆಯ ದಿನ. ೨೦೧೦ರಲ್ಲಿ ಬಾಂದ್ರಾದಲ್ಲಿ ಆರಂಭವಾದ ರೈತರ ಪೇಟೆ ಕೂಡುತ್ತಿದ್ದುದು ರವಿವಾರ. ೨೦೧೬ರ ಆಗಸ್ಟಿನಲ್ಲಿ ಸರಕಾರವೇ ವಿಧಾನಭವನದ ಆವರಣದಲ್ಲಿ ರೈತರ ವಾರದ ಪೇಟೆಯನ್ನು ತೆರೆದಾಗ ಆರಿಸಿಕೊಂಡದ್ದೂ ರವಿವಾರವನ್ನೇ. ಕೊಳ್ಳುವವರು ಮನೆಯಲ್ಲಿರುವ ದಿನ ಮಾರುವವನು ಬಾರದಿರಲಾರನು.

ನಿವಾಸಿಗಳ ದೂರನ್ನೂ ತಳ್ಳಿಹಾಕುವಂತಿಲ್ಲ. ೨೦೧೭ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ ಜನ ಸತ್ತ ಬಳಿಕ ಮುಂಬಯಿ ಉಚ್ಚ ನ್ಯಾಯಾಲಯವು ರೈಲು ನಿಲ್ದಾಣಗಳ ೧೫೦ ಮೀಟರುಗಳೊಳಗೆ, ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳ ೧೦೦ ಮೀಟರುಗಳೊಳಗೆ ಬೀದಿ ವ್ಯಾಪಾರ ಸಲ್ಲದೆಂದು ಹೇಳಿತು. ನಡೆಯುವವನ ಹಕ್ಕು ಮಾರುವವನ ಹೊಟ್ಟೆಯಷ್ಟೇ ನಿಜ. ೨೦೨೨ರ ಮಾರ್ಚಿನಲ್ಲಿ ಮುಂಬಯಿ ಪೋಲೀಸರು ಕೆಲವು ರಸ್ತೆಗಳಲ್ಲಿ ರವಿವಾರ ಬೆಳಗಿನ ಹೊತ್ತು ವಾಹನಗಳನ್ನು ತಡೆದು ಬೀದಿಯನ್ನು ಮಕ್ಕಳ ಆಟಕ್ಕೂ ಹಿರಿಯರ ನಡಿಗೆಗೂ ಬಿಟ್ಟುಕೊಟ್ಟಾಗ ಜನ ಎಷ್ಟು ಹಿಗ್ಗಿದರೆಂಬುದನ್ನು ನಾವು ಕಂಡಿದ್ದೇವೆ. ಬೀದಿಯೆಂಬುದು ಈ ನಗರದ ಸಾವಿರಾರು ಖೋಲಿಗಳಿಗೆ ಏಕಮಾತ್ರ ಅಂಗಳ.

ಹೀಗಿರುವಾಗ ತೆರೆಯುವುದೇ ಮುಚ್ಚುವುದೇ ಎಂಬ ಪ್ರಶ್ನೆಯನ್ನು ‘ಎಷ್ಟು ಹೊತ್ತು ತೆರೆಯುವುದು, ಅದಕ್ಕೆ ಬದಲಾಗಿ ಯಾವ ದಿನ ಮುಚ್ಚುವುದು’ ಎಂದು ತಿದ್ದಿಕೊಳ್ಳುವುದು ಲೇಸು. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ಅಲ್ಲಿ ರವಿವಾರದ ವ್ಯಾಪಾರವನ್ನು ಪೂರ್ತಿಯಾಗಿ ಬಿಡಿಸಲು ೧೯೮೬ರಲ್ಲಿ ಸರಕಾರ ತಂದ ಮಸೂದೆಯನ್ನು ಸಂಸತ್ತು ಸೋಲಿಸಿತು. ೧೯೯೪ರಲ್ಲಿ ಒಂದು ರಾಜಿ ಏರ್ಪಟ್ಟಿತು: ಚಿಕ್ಕ ಅಂಗಡಿಗಳಿಗೆ ನಿರ್ಬಂಧವಿಲ್ಲ, ೨೮೦ ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ರವಿವಾರ ಆರು ಗಂಟೆ ಮಾತ್ರ ತೆರೆಯಬಹುದು, ರವಿವಾರ ಕೆಲಸಕ್ಕೆ ಬರಲಾರೆನೆನ್ನುವ ಹಕ್ಕು ಅಂಗಡಿಯ ನೌಕರನಿಗೆ ಇರಬೇಕು. ವ್ಯಾಪಾರವನ್ನೂ ಬಿಡಲಿಲ್ಲ, ರವಿವಾರವನ್ನು ಪೂರ್ತಿ ಮಾರಲೂ ಇಲ್ಲ.

ಅರ್ಧ ರವಿವಾರ, ಪೂರ್ಣ ಸೋಮವಾರ

ನಮ್ಮ ಬೀದಿಪೇಟೆಗಳಿಗೆ ಒಪ್ಪುವ ರಾಜಿ ಇದು ಎಂದು ನನಗೆ ತೋರುತ್ತದೆ. ರವಿವಾರ ಬೆಳಗಿನಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಪೇಟೆ ತೆರೆದಿರಲಿ. ಬಳಿಕ ಬೀದಿಯನ್ನು ಗುಡಿಸಿ, ತೊಳೆದು, ನಿವಾಸಿಗಳಿಗೂ ಮಕ್ಕಳಿಗೂ ಬಿಟ್ಟುಕೊಡಲಿ. ಸೋಮವಾರ ಇಡೀ ಬೀದಿ ಮುಚ್ಚಿರಲಿ. ದಾದರದ ಅಂಗಡಿಗಳ ಸೋಮವಾರದ ರೂಢಿ ಕಣ್ಣೆದುರಿಗೇ ಇದೆ. ಮಾಟುಂಗದಲ್ಲಿಯೂ ಕೆಲವು ಹಳೆಯ ಉಪಾಹಾರಗೃಹಗಳು ರವಿವಾರ ಊರಿಗೆಲ್ಲ ಉಣಬಡಿಸಿ ಸೋಮವಾರ ಬಾಗಿಲು ಹಾಕುವ ರೂಢಿಯನ್ನು ಕಾಪಾಡಿಕೊಂಡು ಬಂದಿವೆ.

ಇಡೀ ಬೀದಿಯೇ ಏಕೆ ಮುಚ್ಚಬೇಕು, ಬೇಕಾದವರು ಬೇಕಾದ ದಿನ ರಜೆ ಮಾಡಬಾರದೆ ಎಂದು ಕೇಳುವವರುಂಟು. ಬೀದಿಯ ವ್ಯಾಪಾರವನ್ನು ಹತ್ತಿರದಿಂದ ಕಂಡವರು ಹಾಗೆ ಕೇಳಲಾರರು. ಮಾವಶಿ ಒಂದು ದಿನ ಬಾರದಿದ್ದರೆ ಅವಳ ನಾಲ್ಕಡಿ ಜಾಗದಲ್ಲಿ ಮತ್ತೊಬ್ಬರ ಬುಟ್ಟಿ ಬಂದು ಕೂರುತ್ತದೆ. ಅವಳ ಗಿರಾಕಿ ಪಕ್ಕದವರ ಗಿರಾಕಿಯಾಗುತ್ತಾನೆ. ಆದುದರಿಂದ ಜ್ವರ ಬಂದರೂ ಅವಳು ಬರುತ್ತಾಳೆ. ಇಲ್ಲವೇ ಶಾಲೆ ತಪ್ಪಿಸಿ ಮಗಳನ್ನು ಕೂರಿಸುತ್ತಾಳೆ. ಒಬ್ಬಳೇ ರಜೆ ಮಾಡುವ ಸ್ವಾತಂತ್ರ್ಯ ಅವಳಿಗೆ ಇದ್ದರೂ ಇಲ್ಲದಂತೆ. ಎಲ್ಲರೂ ಒಟ್ಟಿಗೆ ಎದ್ದ ದಿನ ಮಾತ್ರ ಅವಳು ನಿಶ್ಚಿಂತೆಯಿಂದ ಏಳಬಲ್ಲಳು. ಬೀದಿಗೇ ರಜೆಯಾದರೆ ಮಾತ್ರ ಬೀದಿಯಲ್ಲಿ ಕುಳಿತವಳಿಗೆ ರಜೆ.

ರವಿವಾರ ಮಧ್ಯಾಹ್ನ ಉಳಿದ ಸೊಪ್ಪು ಮಂಗಳವಾರದವರೆಗೆ ಉಳಿಯುವುದೆ ಎಂಬುದು ಇನ್ನೊಂದು ಆಕ್ಷೇಪ. ಉಳಿಯುವುದಿಲ್ಲ. ಆದರೆ ಒಂದು ಗಂಟೆಗೆ ಪೇಟೆ ಮುಗಿಯುವುದೆಂದು ಗೊತ್ತಿದ್ದರೆ ಮಾರುವವನು ತರುವುದನ್ನು ಅಳೆದು ತರುತ್ತಾನೆ. ಹನ್ನೆರಡರ ಬಳಿಕ ಬೆಲೆಯಿಳಿಸುತ್ತಾನೆ. ಆ ಇಳಿದ ಬೆಲೆ ಬಡ ಸಂಸಾರಕ್ಕೆ ಲಾಭ. ಅನಿಶ್ಚಿತವಾದ ಮುಚ್ಚುವಿಕೆ ವ್ಯಾಪಾರವನ್ನು ಕೆಡಿಸುತ್ತದೆ. ನಿಶ್ಚಿತವಾದ ಮುಚ್ಚುವಿಕೆಗೆ ವ್ಯಾಪಾರ ಹೊಂದಿಕೊಳ್ಳುತ್ತದೆ. ೨೦೨೦ರ ಜೂನಿನಲ್ಲಿ ಸಾಂಕ್ರಾಮಿಕದ ಬೀಗಮುದ್ರೆ ಸಡಿಲಿದಾಗ ಮುಂಬಯಿಯ ರಸ್ತೆಗಳ ಒಂದು ಬದಿಯ ಅಂಗಡಿಗಳು ಒಂದು ದಿನ, ಇನ್ನೊಂದು ಬದಿಯವು ಮರುದಿನ ತೆರೆದುದನ್ನು ನಾವು ಮರೆತಿಲ್ಲ. ಅಷ್ಟು ಕಠಿಣವಾದ ನಿಯಮಕ್ಕೂ ಕೊಳ್ಳುವವರು ಕೆಲವೇ ದಿನಗಳಲ್ಲಿ ಹೊಂದಿಕೊಂಡರು.

ಇದನ್ನು ನಿರ್ಧರಿಸುವವರು ಯಾರು? ಪೋಲೀಸರ ಲಾಠಿಯಾಗಲಿ, ಮಹಾನಗರಪಾಲಿಕೆಯ ಲಾರಿಯಾಗಲಿ ಇದನ್ನು ನಿರ್ಧರಿಸಬಾರದು. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯು ನಗರ ವ್ಯಾಪಾರ ಸಮಿತಿಗಳನ್ನು ರಚಿಸಬೇಕೆಂದು ಹೇಳಿದೆ. ಅದರ ಸದಸ್ಯರಲ್ಲಿ ಶೇಕಡಾ ೪೦ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ನಿವಾಸಿಗಳ ಸಂಘಗಳಿಗೂ ಅಲ್ಲಿ ಸ್ಥಾನವಿದೆ. ಒಂದೇ ಜಾಗವನ್ನು ಹೊತ್ತು ಹಂಚಿಕೊಂಡು ಬಳಸುವ ಪದ್ಧತಿಯನ್ನೂ ಆ ಕಾಯಿದೆ ಕಂಡಿದೆ. ವಾರವನ್ನು ಗೊತ್ತುಮಾಡಲು ಇದಕ್ಕಿಂತ ತಕ್ಕ ಜಾಗ ಬೇರಿಲ್ಲ. ಮಾರುವವರೂ ನಿವಾಸಿಗಳೂ ಎದುರುಬದುರು ಕುಳಿತು ಒಪ್ಪಿದ ವಾರವನ್ನು ಕಾಯಲು ಲಾಠಿಯ ಅಗತ್ಯ ಬೀಳಲಾರದು.

ನಮ್ಮ ಪಾಲಿನ ಕೆಲಸ

ಕೊನೆಯದಾಗಿ ನಮ್ಮವರಲ್ಲಿ ಎರಡು ಮಾತುಗಳು. ಗುಮಾಸ್ತ ಬಾಂಧವರಲ್ಲಿ ವಿಜ್ಞಾಪನೆಯೇನೆಂದರೆ, ರವಿವಾರದ ಪೇಟೆಯನ್ನು ಬೇಡುವ ಹಕ್ಕು ನಿಮಗಿದೆ. ಆದರೆ ರವಿವಾರ ರಾತ್ರಿ ಒಂಬತ್ತಕ್ಕೆ ಒಂದು ಕಟ್ಟು ಕೊತ್ತಂಬರಿಗಾಗಿ ಇಳಿದು ಬರುವ ಹಕ್ಕು ಅದರೊಳಗೆ ಸೇರಿಲ್ಲ. ಬೆಳಿಗ್ಗೆಯೇ ಕೊಂಡುಕೊಳ್ಳಿರಿ. ಸೋಮವಾರ ಪೇಟೆ ಮುಚ್ಚಿದ್ದರೆ ಗೊಣಗದೆ ಮನೆಯಲ್ಲಿರುವ ಬೇಳೆಯಿಂದ ಸಾರು ಮಾಡಿಸಿಕೊಳ್ಳಿರಿ.

ಹೊಟೇಲಿನ ಧಣಿಗಳಲ್ಲಿಯೂ, ನಮ್ಮ ಸಂಘಸಂಸ್ಥೆಗಳ ಕಾರ್ಯಕರ್ತರಲ್ಲಿಯೂ ಎರಡನೆಯ ಮಾತು. ಬೀದಿಯ ಪೇಟೆ ಸೋಮವಾರ ಮುಚ್ಚುವಲ್ಲಿ ಆ ಬೀದಿಯ ಹೊಟೇಲುಗಳೂ ಸಾಧ್ಯವಿದ್ದಷ್ಟು ಮಟ್ಟಿಗೆ ಸೋಮವಾರವೇ ಮುಚ್ಚಲಿ. ಮುಚ್ಚಲಾಗದವರು ಹೆಚ್ಚು ಮಂದಿಗೆ ಅಂದೇ ರಜೆ ಕೊಡಲಿ. ಆಗ ರವಿವಾರ ಇತರರಿಗೆ ಉಣಬಡಿಸಿದವರಿಗೂ, ಕಾಯಿಪಲ್ಲೆ ತೂಗಿಕೊಟ್ಟವರಿಗೂ ಸೋಮವಾರವೇ ರವಿವಾರವಾಗುತ್ತದೆ. ಅಣ್ಣನ ರಜೆಯೂ ತಮ್ಮನ ರಜೆಯೂ ಒಂದೇ ದಿನ ಕೂಡುತ್ತದೆ. ೧೯೨೬ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಶನ್ ಮೊದಲ್ಗೊಂಡು ಈ ನಗರದಲ್ಲಿ ನಮಗೆ ಸಭಾಗೃಹಗಳಿಗೆ ಕೊರತೆಯಿಲ್ಲ. ತಿಂಗಳಿಗೊಂದು ಸೋಮವಾರ ಸಂಜೆಯನ್ನು, ಒಂದು ತಾಳಮದ್ದಳೆಯನ್ನೋ ನಾಟಕವನ್ನೋ ಉಪನ್ಯಾಸವನ್ನೋ, ಹೊಟೇಲಿನ ಹುಡುಗರಿಗಾಗಿಯೇ ಇಟ್ಟರೆ ಸಂಘಗಳಿಗೆ ನಷ್ಟವೇನಿದೆ? ನಮ್ಮ ರವಿವಾರದ ಸಭೆಗಳಲ್ಲಿ ‘ದುಡಿಯುವ ಬಾಂಧವರು’ ಎಂದು ಭಾಷಣಗಳಾಗುವಾಗ ಆ ಬಾಂಧವರು ಹೊರಗೆ ದುಡಿಯುತ್ತಿರುತ್ತಾರೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಲೋಖಂಡೆಯವರು ಗಿರಣಿಯ ಜನಕ್ಕೆ ಕೇಳಿದ್ದು ದಯೆಯನ್ನಲ್ಲ, ಒಂದು ದಿನವನ್ನು. ಅವರು ಕೇಳಿದ ದಿನ ಒಪ್ಪಿಗೆಯಾಗಲು ಆರು ವರ್ಷಗಳು ಹಿಡಿದವು. ನಾವು ಕೇಳಬೇಕಾದದ್ದು ಅದಕ್ಕಿಂತ ಸಣ್ಣದು; ಒಂದು ಬೀದಿ, ಒಂದು ಮಧ್ಯಾಹ್ನ, ಒಂದು ಸೋಮವಾರ. ಮುಂದಿನ ರವಿವಾರ ಪೇಟೆಗೆ ಹೋದಾಗ ಬೆಂಡೆಯ ಬೆಲೆಯನ್ನು ಕೇಳಿದ ಬಳಿಕ ಮಾವಶಿಯನ್ನು ಇನ್ನೊಂದು ಮಾತು ಕೇಳಿ ನೋಡಿರಿ: ‘ನಿಮಗೆ ರಜೆ ಯಾವ ದಿನ?’ ಅವಳು ನಕ್ಕು ತಕ್ಕಡಿಯನ್ನು ಎತ್ತಿದರೆ, ಈ ಚರ್ಚೆ ಇನ್ನೂ ಮುಗಿದಿಲ್ಲವೆಂದೇ ತಿಳಿಯತಕ್ಕದ್ದು.